ಮೊರದಲ್ಲಿ ಬೆರೆತ ಮಾತ್ರೆ

ಇವತ್ತು ಹಾಲು ಕರೆದೆ, ಕೊಟ್ಟಿಗೆ ಗುಡಿಸಿದೆ, ರಾಗಿ ಬಿಸಿಲಿಗೆ ಹಾಕಿದೆ, ಕಾಯಿ ಸುಲಿಯಲು ಬಂದವರಿಗೆ ಕಾಫಿ ಕಾಯಿಸಿ ಕೊಟ್ಟೆ. ಅಟ್ಟದಿಂದ ಇಳಿಸಿದ ಕಾಯೊಂದನ್ನು ಸುಮ್ಮನೆ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಣಗಿದ ಕೊಬ್ಬರಿ ಒಳಗೆ ಗಡಗಡ ಎಂದಿತು. ಸದ್ದಿನಲ್ಲೇ ಕೊಬ್ಬರಿಯ ಗುಣ ಹೇಳುತ್ತಿದ್ದ ಮಾವನವರು ನೆನಪಾದರು.

ಹಾರ್ಟ್ ಅಟ್ಯಾಕ್ ಆಗಿ ಅವರು ಬದುಕಿ ಬಂದ ಮೇಲೆ ತುಮಕೂರಿನ ಡಾಕ್ಟರು ಅವರನ್ನು ಒಂದು ಸಂಶೋಧನೆಗೆ ಸೇರಿಸಿಕೊಂಡಿದ್ದರು. ದಿನದ ಔಷಧಿಗಳ ಜೊತೆಗೆ ಇನ್ನೊಂದು ಡಬ್ಬಿ. ಕೆಲವರ ಡಬ್ಬಿಯಲ್ಲಿ ಹೊಸ ಔಷಧಿ, ಕೆಲವರದರಲ್ಲಿ ಏನೂ ಇಲ್ಲದ ಸಪ್ಪೆ ಮಾತ್ರೆ. ಯಾರದು ಯಾವುದೆಂದು ಕೊನೆಯವರೆಗೂ ಡಾಕ್ಟರಿಗೂ ತಿಳಿಯದಂತೆ. ನನಗೆ ಇದು ತಲೆಗೇ ಹತ್ತಲಿಲ್ಲ. ಮಾವನವರು ಮಾತ್ರ ಡಬ್ಬಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, "ಇದು ಸದ್ದಲ್ಲಿ ಗೊತ್ತಾಗೋ ಮಾಲಲ್ಲ ಕಣವ್ವ" ಎಂದರು.

ಬಿಳಿಗೆರೆಯ ಸಿದ್ದಪ್ಪನವರು ಅವರಿಗೆ ಕೊಬ್ಬರಿ ವ್ಯಾಪಾರದಲ್ಲಿ ಪಾಲುದಾರರು, ಎದೆನೋವಿನಲ್ಲೂ ಪಾಲುದಾರರಾದರು. ಅವರಿಗೂ ಅಂಥದೇ ಡಬ್ಬಿ. ಒಂದು ಸಂಜೆ ಜಗಲಿಗೆ ಬಂದು ನೋಡುತ್ತೇನೆ, ಇಬ್ಬರೂ ಎರಡು ಡಬ್ಬಿಯನ್ನೂ ಮೊರಕ್ಕೆ ಸುರಿದು ಕೈಯಾಡಿಸುತ್ತಿದ್ದಾರೆ!

"ಇದೇನು ಮಾವ?"

"ಒಳ್ಳೆ ಕೊಬ್ಬರಿ, ಸಾಧಾರಣದ್ದು ಬೆರೆಸಿ ಚೀಲ ತುಂಬಲ್ವೇ, ಹಂಗೆ. ಒಬ್ಬನಿಗೇ ಪೂರ್ತಿ ಸಪ್ಪೆ ಬೀಳೋದು ಬ್ಯಾಡ ಬುಡು."

"ಲೇ, ನನ್ ಕಡೀಕೇ ಜಾಸ್ತಿ ತಳ್ಬ್ಯಾಡ ಕಣ್ಲಾ," ಎಂದರು ಸಿದ್ದಪ್ಪನವರು.

ಮುಂದಿನ ತಪಾಸಣೆಯಲ್ಲಿ ಸಿದ್ದಪ್ಪನವರೇ ಬಾಯಿಬಿಟ್ಟರು; ಡಾಕ್ಟರಿಂದ ಇಬ್ಬರಿಗೂ ಬೈಗುಳವಾಯಿತು. ನಾವು ಎಷ್ಟು ದಿನ ನಕ್ಕೆವೋ!

ಹೋದ ಶ್ರಾವಣದಲ್ಲಿ ಮಾವನವರು ಎರಡನೇ ಸಲದ ಎದೆನೋವಿಗೆ ಹೋಗಿಬಿಟ್ಟರು. ಆಮೇಲೆ ಸಿದ್ದಪ್ಪನವರು ನಮ್ಮ ಜಗಲಿ ಹತ್ತಲಿಲ್ಲ. ಸಂತೆಯಲ್ಲಿ ಸಿಕ್ಕಾಗ ಒಂದೇ ಮಾತು: "ಅವನ ಒಳ್ಳೆ ಮಾತ್ರೆ ನಾನ್ ತಿಂದ್ಬುಟ್ನೇನೋ ಕಣವ್ವ."

ಸಂಶೋಧನೆ ಮುಗಿಯಿತೆಂದು ಇವತ್ತು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಸಿದ್ದಪ್ಪನವರಿಗೂ ಬಂದಿತ್ತಂತೆ. ಸಂಜೆ ಬಂದು ಮೆಟ್ಟಿಲ ಕೆಳಗೇ ನಿಂತರು.

"ನಂದು ಸಪ್ಪೇದಂತೆ ಕಣವ್ವ. ಅವನದು?"

"ಅವರದೂ ಸಪ್ಪೇದೇ ಸಿದ್ದಪ್ಪನೋರೇ."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಮಾವನವರು ಕೂರುತ್ತಿದ್ದ ಕಂಬದ ಕಡೆ ನೋಡಿ, "ಥೂ ನಿನ್ನ! ಸಪ್ಪೇಗೆ ಸಪ್ಪೇನೇ ಬೆರೆಸಿದ್ವೇನ್ಲಾ?" ಎಂದು ನಕ್ಕರು. ನಗುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಮೆಟ್ಟಿಲು ಹತ್ತಿದರು.

ರಾತ್ರಿ ಮುದ್ದೆ, ಅವರೆಕಾಳಿನ ಸಾರು. ಇನ್ನೊಂದು ಸೌಟು ಅವರೇ ಕೇಳಿ ಹಾಕಿಸಿಕೊಂಡರು. ಎಲ್ಲರಿಗಿಂತ ಮೊದಲು ಮಲಗಿದವರೂ ಅವರೇ, ಜಗಲಿಯ ಮೇಲೆ, ಕಂಬದ ಕಡೆಗೆ ಅರ್ಧ ಚಾಪೆ ಬಿಟ್ಟು.