ಚೇಚಿ ತೆರೆದಿಟ್ಟಿದ್ದ ಇನ್ನೊಂದು ಪರದೆ

ಕಳೆದ ವರ್ಷದ ಮಾತು. ನನ್ನ ಅಕ್ಕ ತೀರಿಹೋಗಿ ನಲವತ್ತು ದಿನ ಆಗಿತ್ತು. ಮರುದಿನ ನಲವತ್ತೊಂದರ ಪ್ರಾರ್ಥನೆ. ಬಂದವರಿಗೆ ಹಂಚುವ ಸ್ಮರಣೆಯ ಕಾರ್ಡನ್ನು ನಾನೇ ಟೈಪ್ ಮಾಡುತ್ತಿದ್ದೆ.

ನಮ್ಮ ಹಿರಿಯರು ಕೇರಳದಿಂದ ನೆಲ್ಯಾಡಿಗೆ ಬಂದವರು, ಹಾಗಾಗಿ ಅಕ್ಕ ನನಗೆ ಕೊನೆಯವರೆಗೂ ‘ಚೇಚಿ’. ಇಬ್ಬರೂ ಮದುವೆಯಾಗಲಿಲ್ಲ. ಇಬ್ಬರಿಗೂ ಒಂದೇ ಲ್ಯಾಪ್‌ಟಾಪ್. ಕಡಬದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಶಶಿಕಲಾಳಿಂದ ಚೇಚಿ ಕೀಬೋರ್ಡಿನ ಶಾರ್ಟ್‌ಕಟ್ ಎಲ್ಲ ಕಲಿತು ಬಂದಿದ್ದಳು. ಆಲ್ಟ್ ಮತ್ತು ಟ್ಯಾಬ್ ಒತ್ತಿ ಒಂದು ವಿಂಡೋದಿಂದ ಇನ್ನೊಂದಕ್ಕೆ ಹಾರುತ್ತಾ, “ಮೌಸ್ ತಳ್ಳಿ ತಳ್ಳಿ ನಿನ್ನ ಕೈ ಸವೆದು ಹೋಗ್ತದೆ ಮಾರಾಯ್ತಿ” ಎಂದು ಕೆಣಕುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆಯೂ ಹಾಗೆ ಕೆಣಕಿ ನನಗೆ ಸಿಟ್ಟು ಬರಿಸಿದ್ದಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದ ಕರೆದಳು, “ತ್ರೇಸ್ಯಾ, ಇಲ್ಲಿ ಬಾ, ಒಂದು ತೋರಿಸ್ಲಿಕ್ಕುಂಟು.”

“ನಾಟ್ ನೌ” ಎಂದೆ ಅಡುಗೆಮನೆಯಿಂದಲೇ. ಕೈಯಲ್ಲಿ ಎಂತ ಕೆಲಸವೂ ಇರಲಿಲ್ಲ.

ಆಮೇಲೆ ಹೋಗಿ ನೋಡುವಾಗ ಚೇಚಿ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದಳು. ಲ್ಯಾಪ್‌ಟಾಪ್ ಮುಚ್ಚಿತ್ತು, ಮುಚ್ಚಳದ ಮೇಲೆ ಅವಳ ಕೈ. ಎಂತ ತೋರಿಸ್ಲಿಕ್ಕಿತ್ತು? ನಲವತ್ತು ದಿನ ಒಂದೊಂದು ಫೋಲ್ಡರ್ ಹುಡುಕಿದೆ. ನಥಿಂಗ್.

ಕಾರ್ಡ್ ಟೈಪ್ ಮಾಡುತ್ತಿದ್ದ ಆ ಮಧ್ಯಾಹ್ನ ಹಳೆಯ ಕಾರ್ಡೊಂದನ್ನು ಪರದೆಯಲ್ಲೇ ಪಕ್ಕದಲ್ಲಿಟ್ಟು ನೋಡೋಣ ಎಂದು, ಅವಳು ಹೇಳಿಕೊಟ್ಟ ಹಾಗೆ ವಿಂಡೋಸ್ ಕೀ ಮತ್ತು ಬಲಬಾಣ ಒತ್ತಿದೆ. ನನ್ನದು ಕಾನ್ವೆಂಟಿನ ಟೈಪ್‌ರೈಟರ್ ಕಲಿಸಿದ ಕೈ. ಎಡಗೈ ಕಿರುಬೆರಳು ಯಾವಾಗಲೂ ಮೂಲೆಯ ಶಿಫ್ಟ್ ಕೀಲಿಯ ಮೇಲೆಯೇ. ಲ್ಯಾಪ್‌ಟಾಪಿನಲ್ಲಿ ಆ ಮೂಲೆಯಲ್ಲಿ ಇರುವುದು ಕಂಟ್ರೋಲ್. ಅದೂ ಒತ್ತಿಹೋಯಿತು.

ಪರದೆ ಪೂರ್ತಿ ಪಕ್ಕಕ್ಕೆ ಸರಿಯಿತು. ಕಾರ್ಡ್ ಇಲ್ಲ. ಅದರ ಜಾಗದಲ್ಲಿ ಎರಡು ವಿಂಡೋ, ಅಕ್ಕಪಕ್ಕ. ಎಡಕ್ಕೆ ಹಳೆಯ ಫೋಟೋ, ಹಾಸ್ಟೆಲಿನ ಮೆಟ್ಟಿಲ ಮೇಲೆ ಎರಡು ಜಡೆಯ ನಾವಿಬ್ಬರು. ಬಲಕ್ಕೆ ಬರಹ:

“ತ್ರೇಸ್ಯಾ, ದಾರಿ ಹುಡುಕಿ ಇಲ್ಲಿವರೆಗೆ ಬಂದಿಯಲ್ಲ, ಶಭಾಶ್. ಈಗ ನೀನು”

ಅಷ್ಟೇ. ಮುಂದೆ ಕರ್ಸರ್ ಮಿನುಗುತ್ತಿತ್ತು, ಈಗಷ್ಟೇ ಬೆರಳೆತ್ತಿದ ಹಾಗೆ. ನಾನು ತಿರುಗಿ ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಪುನಃ ಪರದೆ ನೋಡಲು ಧೈರ್ಯ ಸಾಲಲಿಲ್ಲ.

ಕಾರ್ಡ್ ಒಯ್ಯಲು ಬಂದ ಶಶಿಕಲಾ, “ಎಂತ ಆಂಟಿ, ಮುಖ ಬಿಳಿಚಿದೆ?” ಎಂದಳು. ಪರದೆಯ ಕಡೆ ಬೆರಳು ತೋರಿಸಿದೆ.

“ಓ, ಇದು ಇನ್ನೊಂದು ಡೆಸ್ಕ್‌ಟಾಪ್. ಇದ್ರಲ್ಲಿ ತೆರೆದದ್ದು ಮೊದಲಿನದ್ರಲ್ಲಿ ಕಾಣುದಿಲ್ಲ. ನಾನೇ ಅವರಿಗೆ ಹೇಳಿಕೊಟ್ಟದ್ದು. ನೀವು ಶಟ್‌ಡೌನ್ ಮಾಡ್ಲೇ ಇಲ್ವಾ?”

“ಇಲ್ಲ, ನಾವು ಬರೀ ಮುಚ್ಚಳ ಹಾಕುದು.”

“ಅದೇ ಒಳ್ಳೇದಾಯ್ತು. ಅಯ್ಯೋ, ಇದು ಸೇವ್ ಆಗಿಯೇ ಇಲ್ಲ! ಬ್ಯಾಟರಿ ಕೆಂಪಾಗಿದೆ, ಚಾರ್ಜರ್ ಎಲ್ಲಿ?”

ನಾನು ವಯರ್ ಸಿಕ್ಕಿಸಿದೆ, ಅವಳು ಕಂಟ್ರೋಲ್ ಎಸ್ ಒತ್ತಿದಳು. ಪತ್ರ ಉಳಿಯಿತು.

ಶಶಿಕಲಾ ಎಲ್ಲದಕ್ಕೂ ಕಾರಣ ಹೇಳಿದಳು, ನಾನು ನಂಬಿದ್ದೇನೆ. ‘ಈಗ ನೀನು’ ಆದಮೇಲೆ ಎಂತ ಎನ್ನುವುದಕ್ಕೆ ಮಾತ್ರ ಅವಳಲ್ಲಿಯೂ ಉತ್ತರವಿಲ್ಲ. ಕರೆದಾಗ ಹೋಗಿದ್ದರೆ ಚೇಚಿಯ ಬಾಯಿಂದಲೇ ಕೇಳುತ್ತಿದ್ದೆ.

ಈಗಲೂ ದಿನಕ್ಕೊಮ್ಮೆ ಆ ಮೂರು ಕೀ ಒತ್ತಿ ಆ ಕಡೆಗೆ ಹೋಗುತ್ತೇನೆ. ಕರ್ಸರ್ ಮಿನುಗುತ್ತಾ ಇರುತ್ತದೆ. “ಬಂದೆ, ಚೇಚಿ” ಎನ್ನುತ್ತೇನೆ, ಗಟ್ಟಿಯಾಗಿಯೇ.