ಯಾವ ಎಣ್ಣೆ, ಭಾವ?

ನನ್ನ ಭಾವ ಬೈಲಪ್ಪನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಡಿಯೂರಿನಲ್ಲಿ ಅವರಪ್ಪ ಕಟ್ಟಿಸಿಟ್ಟ ಬಾಡಿಗೆ ಮನೆಗಳಿವೆ, ಕೂತು ತಿನ್ನುತ್ತಾನೆ. ಇಲ್ಲಿರುವ ಕಡ್ಡಿ ಎತ್ತಿ ಅಲ್ಲಿಟ್ಟವನಲ್ಲ, ಗತ್ತು ಮಾತ್ರ ನೋಡಬೇಕು! ಇರಲಿ, ನಾನು ಹೇಳಹೊರಟಿರುವುದು ಅವನ ಕಥೆಯಲ್ಲ. ಅವನನ್ನು ಕಟ್ಟಿಕೊಂಡ ನನ್ನಕ್ಕ ಅಣ್ಣಮ್ಮನದು.

ಅಕ್ಕ ಹೆಚ್ಚು ಓದಲಿಲ್ಲ, ಹೊರಗೆ ದುಡಿಯಲೂ ಹೋಗಲಿಲ್ಲ. ಅವಳಿಗಿದ್ದದ್ದು ಕೈರುಚಿ. ಅವಳ ಮಟನ್ ಸಾರಿಗೆಂದೇ ನಮ್ಮ ನೆಂಟರು ಪದ್ಮನಾಭನಗರದಿಂದ ಸ್ಕೂಟರ್ ಹತ್ತಿ ಬರುತ್ತಿದ್ದರು. ಬಂದವರು ಎರಡನೇ ಸಲ ಬಡಿಸಿಕೊಳ್ಳದಿದ್ದರೆ ಅವಳಿಗೆ ಆ ದಿನ ನಿದ್ದೆ ಬರುತ್ತಿರಲಿಲ್ಲ.

ಹೋದ ವರ್ಷ ಭಾವನ ಲಿವರ್ ಕೆಟ್ಟಿತು. ಜಯನಗರದ ಕ್ಲಿನಿಕ್ಕಿಗೆ ಒಬ್ಬನೇ ಹೋಗಿ ಬಂದವನು ಸೋಫಾದ ಮೇಲೆ ಕಾಲು ಚಾಚಿ ಕೂತ.

"ಡಾಕ್ಟ್ರು ಎಣ್ಣೆ ಬಿಡು ಅಂದವ್ರೆ. ಬಿಡ್ಲಿಲ್ಲ ಅಂದ್ರೆ ಜೀವಕ್ಕೇ ಅಪಾಯವಂತೆ."

ಅಕ್ಕನ ಮುಖ ಬಿಳಿಚಿಕೊಂಡಿತು. ನಾನು ಅಲ್ಲೇ ಇದ್ದೆ, ಸುಮ್ಮನಿರಲಾಗಲಿಲ್ಲ.

"ಯಾವ ಎಣ್ಣೆ, ಭಾವ?"

"ಇನ್ಯಾವ ಎಣ್ಣೆ? ಅಡುಗೆ ಎಣ್ಣೆ!" ಎಂದು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ.

ಸಂಜೆಯಾದರೆ ವಿಸ್ಕಿ ಬಾಟಲಿ ಹಿಡಿದು ಟೆರೇಸು ಹತ್ತುವವನಿಗೆ ಒಗ್ಗರಣೆಯ ಎಣ್ಣೆ ಬಿಡು ಎನ್ನಲು ಆ ಡಾಕ್ಟರಿಗೇನು ತಲೆ ಕೆಟ್ಟಿದೆಯೇ? ಈಗಿನ ಹುಡುಗರು ಹೆಂಡಕ್ಕೇ ಎಣ್ಣೆ ಎನ್ನುವುದು ಎಂದು ಅಡುಗೆಮನೆಯಲ್ಲಿ ಅಕ್ಕನ ಕಿವಿಗೆ ಹಾಕಿದೆ. ಅವಳು ನನ್ನ ಮೇಲೇ ಎಗರಿದಳು.

"ಅಷ್ಟು ಓದಿರೋ ಡಾಕ್ಟ್ರು ಪೋಲಿ ಹುಡುಗ್ರ ಥರ ಮಾತಾಡ್ತಾರೇನೇ? ನಿನಗೆ ಮೊದ್ಲಿಂದ್ಲೂ ಅವ್ರನ್ನ ಕಂಡ್ರೆ ಆಗಲ್ಲ."

"ಮತ್ತೆ ಕುಡಿಯೋದು?"

"ಅದನ್ನೂ ಕಮ್ಮಿ ಮಾಡವ್ರೆ ಕಣೇ, ಪಾಪ."

ಪಾಪವಂತೆ, ಪಾಪ!

ಅಂದಿನಿಂದ ಆ ಮನೆಗೆ ಎಣ್ಣೆ ಬರಲಿಲ್ಲ. ಸಾಸಿವೆಯನ್ನು ಬರಿ ಬಾಣಲೆಯಲ್ಲಿ ಸಿಡಿಸಿದಳು, ಈರುಳ್ಳಿಯನ್ನು ನೀರು ಚಿಮುಕಿಸಿ ಬಾಡಿಸಿದಳು. ಗಂಡನಿಗಿಲ್ಲದ್ದು ತನಗೇಕೆ ಎಂದು ತಾನೂ ಅದನ್ನೇ ಉಂಡಳು. ನೆಂಟರು ಬರುವುದು ನಿಂತೇ ಹೋಯಿತು. ಆ ಮಹಾರಾಯ ಮಾತ್ರ ತಟ್ಟೆ ತಳ್ಳಿ, "ಇದಕ್ಕಿಂತ ದನದ ಕಲಗಚ್ಚು ವಾಸಿ" ಎನ್ನುತ್ತಿದ್ದ.

ಆಮೇಲೆ ಒಂದು ದಿನ ಅವನೇ ಜಯನಗರ ಫೋರ್ತ್ ಬ್ಲಾಕಿನ ಅಂಗಡಿಯಿಂದ ತಗಡಿನ ಡಬ್ಬ ತಂದ. ಲಂಚನ್ ಮೀಟ್. ಹಂದಿಮಾಂಸ ಅರೆದು, ಉಪ್ಪು ಬೆರೆಸಿ, ಒತ್ತಿ ತುಂಬಿದ್ದು. ಕುಡಿಯುವಾಗ ನಂಚಿಕೊಳ್ಳಲು ತಂದಿದ್ದಾನೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಅಕ್ಕನಿಗೆ ಎಲ್ಲಿಲ್ಲದ ಉತ್ಸಾಹ. ತೆಳ್ಳಗೆ ಕೊಯ್ದು, ತವಾವನ್ನು ಸಣ್ಣ ಉರಿಯಲ್ಲಿಟ್ಟು ಹರಡಿದಳು. ಕೊಬ್ಬು ತಾನೇ ಕರಗಿ ಚುರುಗುಟ್ಟತೊಡಗಿತು. ಅಂಚು ಕೆಂಪಾದಾಗ ಮಗುಚಿ ಹಾಕಿದಳು, ಇಳಿಸಿ ಕಾಗದಕ್ಕೆ ಒತ್ತಿ ಜಿಡ್ಡು ತೆಗೆದಳು, ಮೇಲೆ ಮೆಣಸಿನಪುಡಿ ಉದುರಿಸಿದಳು.

"ನೋಡೇ, ಒಂದ್ ಹನಿ ಎಣ್ಣೆ ಹಾಕಿಲ್ಲ!"

ಎಷ್ಟೋ ದಿನದ ಮೇಲೆ ಅವಳ ಮುಖ ಅರಳಿತ್ತು. ಭಾವ ತಟ್ಟೆ ಎತ್ತಿಕೊಂಡು ಟೆರೇಸಿಗೆ ಹೋದ. ನನಗೆ ಅಳು ಬಂತು, ಸಿಟ್ಟೂ ಬಂತು. ಆಮೇಲಾಮೇಲೆ ವಾರವಾರವೂ ಡಬ್ಬ ಬರತೊಡಗಿತು.

ಈ ಮಳೆಗಾಲದಲ್ಲಿ ಅವನ ಕಾಲು ಊದಿತು, ಕಣ್ಣು ಹಳದಿಗೆ ತಿರುಗಿತು. ಒಬ್ಬನೇ ಹೋಗುತ್ತೇನೆಂದು ಎಷ್ಟು ಗುರುಗುಟ್ಟಿದರೂ ಅಕ್ಕ ಬಿಡದೆ ಜೊತೆಗೆ ಹೊರಟಳು. ನಾನೂ ಹೋದೆ. ಡಾಕ್ಟರು ರಿಪೋರ್ಟ್ ನೋಡಿ ಸಿಡುಕಿದರು.

"ಬೈಲಪ್ಪನವ್ರೇ, ಎಣ್ಣೆ ಬಿಡಿ ಅಂದಿದ್ದೆ ಅಲ್ವಾ?"

ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಹೆಮ್ಮೆಯಿಂದ ಹೇಳಿದಳು: "ಪೂರ್ತಿ ಬಿಟ್ಟಿದೀವಿ ಸಾರ್! ಡಬ್ಬದ ಮೀಟನ್ನೂ ಬರೀ ತವಾ ಮೇಲೇ ಹುರೀತೀನಿ. ನಮ್ಮನೇಲಿ ಎಣ್ಣೆ ಪ್ಯಾಕೆಟ್ಟೇ ಇಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮ್ಮಾ, ನಾನು ಹೇಳಿದ್ದು ಕುಡಿಯೋ ಎಣ್ಣೆ. 'ದಿನಾ ಎಣ್ಣೆ ಹೊಡೀತೀನಿ ಸಾರ್' ಅಂತ ಇವರೇ ಹೇಳಿದ್ರು. ಅದಕ್ಕೇ ನಾನೂ ಅದೇ ಮಾತಲ್ಲಿ ಹೇಳ್ದೆ."

ಆ ನಾಚಿಕೆಗೆಟ್ಟವನು ಹಲ್ಲು ಕಿರಿದ.

"ನಾನು ಸರಿಯಾಗೇ ಹೇಳ್ದೆ ಸಾರ್. ಇವಳೊಬ್ಬಳು ಪೆದ್ದಿ, ಏನೇನೋ ಅರ್ಥ ಮಾಡ್ಕೊಂಡವ್ಳೆ."

ನನ್ನ ಕೈ ಅವನ ಕೆನ್ನೆಗೆ ಹೋಗುವುದರಲ್ಲಿತ್ತು. ಅಕ್ಕ ತಡೆದಳು. ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅಷ್ಟು ವರ್ಷದ ಸಂಸಾರದಲ್ಲಿ ಹೊರಗಿನವರೆದುರು ಅವನಿಗೆ ಒಮ್ಮೆಯೂ ಎದುರಾಡಿದವಳಲ್ಲ. ಈಗಲೂ ಅವನೊಂದಿಗೆ ಮಾತಾಡಲಿಲ್ಲ, ಡಾಕ್ಟರ ಕಡೆ ತಿರುಗಿದಳು.

"ಇವ್ರು ಬದುಕ್ಬೇಕು ಅಂತ ನಮ್ಮನೇಲಿ ಆಸೆ ಇದ್ದಿದ್ದು ನನಗೊಬ್ಬಳಿಗೇ ಸಾರ್. ಇನ್ಮೇಲೆ ಏನಿದ್ರೂ ಇವ್ರಿಗೇ ಹೇಳ್ಬಿಡಿ."

ಎದ್ದು ಹೊರಟಳು.

"ಲೇ ಅಣ್ಣಮ್ಮಾ! ಎಲ್ಲಿಗೇ? ನನ್ನನ್ನ ಯಾರೇ ಕರ್ಕೊಂಡು ಹೋಗೋರು?" ಎಂದು ಭಾವ ಕೂಗಿದ. ಅವನ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು.