ಸತ್ಯಪ್ರಕಾಶರು ಲ್ಯಾಪ್‌ಟಾಪಿಗೆ ಸ್ವಾತಂತ್ರ್ಯ ಕೊಟ್ಟದ್ದು

ವಡೋದರಾದ ಗೋರ್ವಾ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರ ಮನೆ ಎರಡೇ. ಮೇಲಿನ ಮಹಡಿಯಲ್ಲಿ ಸತ್ಯಪ್ರಕಾಶರು, ಅವರ ಕೆಳಗೆ ನಾವು. ನಮ್ಮ ಯಜಮಾನರದು ರೈಲ್ವೆ, ಅವರದು ವಿಮಾ ಕಚೇರಿ. ಅವರು ದಾವಣಗೆರೆಯಿಂದ ವರ್ಗವಾಗಿ ಬಂದು ಇಲ್ಲೇ ಬೇರು ಬಿಟ್ಟವರು. ತಾವು ತಿಳಿಸಿಕೊಡದಿದ್ದರೆ ಜಗತ್ತಿನಲ್ಲಿ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ಸತ್ಯಪ್ರಕಾಶರ ದೃಢ ನಂಬಿಕೆ. ಒಂದು ವರ್ಷ ಸಿರಿಧಾನ್ಯದ ಬಗ್ಗೆ ತಿಳಿಸಿಕೊಟ್ಟರು. ಇನ್ನೊಂದು ವರ್ಷ ಬಾಲ್ಕನಿಯಲ್ಲಿ ಗೊಬ್ಬರ ಮಾಡುವುದನ್ನು ತಿಳಿಸಿಕೊಟ್ಟರು. ಅದರ ವಾಸನೆ ನಮ್ಮ ಅಡುಗೆಮನೆಗೆ ಇಳಿಯಿತು. ಪ್ರತಿ ಉತ್ಸಾಹವೂ ಆರುವ ಹೊತ್ತಿಗೆ ಅವರ ಹೆಂಡತಿ ವಿಂಧ್ಯಾಳಿಗೆ ತೊಳೆಯುವುದಕ್ಕೊಂದು ಹೊಸ ಪಾತ್ರೆಯೋ ಡಬ್ಬವೋ ಸೇರಿರುತ್ತಿತ್ತು.

ವಿಂಧ್ಯಾಳದು ಮಾತು ಕಡಿಮೆ. ಮದುವೆಗೆ ಮುಂಚೆ ಚಿತ್ರಕಲೆ ಕಲಿತವಳು. ಮಗಳು ಸಿಂಚನಾ ಶಾಲೆಗೆ ಹೋಗತೊಡಗಿದ ಮೇಲೆ ಸೂರತ್ತಿನ ಒಂದು ಎಂಬ್ರಾಯ್ಡರಿ ಕಾರ್ಖಾನೆಯವರಿಗೆ ಡಿಸೈನ್ ಮಾಡಿಕೊಡಲು ಶುರು ಮಾಡಿದಳು. ಬಳ್ಳಿ, ಮಾವಿನಕಾಯಿ ಬುಟ್ಟಾ, ನವಿಲು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿ, ಯಂತ್ರದ ಸೂಜಿ ಎಲ್ಲಿ ಮೊದಲು ಇಳಿಯಬೇಕು, ದಾರ ಎಲ್ಲಿ ತುಂಡಾಗಬೇಕು ಎಂದು ಒಂದೊಂದಾಗಿ ಗುರುತು ಹಾಕುವ ಕೆಲಸ. ಅಲ್ಲಿಯವರು ಅದನ್ನು ಪಂಚಿಂಗ್ ಎನ್ನುತ್ತಾರೆ. ಕಣ್ಣು ಸೋಲುತ್ತದೆ, ಕುತ್ತಿಗೆ ಹಿಡಿಯುತ್ತದೆ. ಸತ್ಯಪ್ರಕಾಶರ ಪ್ರಕಾರ ಅದು ‘ಟೈಮ್‌ಪಾಸ್’.

ಈ ಟೈಮ್‌ಪಾಸ್ ನಡೆಯುತ್ತಿದ್ದುದು ಮನೆಯಲ್ಲಿದ್ದ ಒಂದೇ ಒಂದು ಲ್ಯಾಪ್‌ಟಾಪಿನಲ್ಲಿ. ಕೊಂಡವರು ಸತ್ಯಪ್ರಕಾಶರು. ಅದರ ಮುಚ್ಚಳದ ಕೀಲು ಸಡಿಲವಾಗಿತ್ತು, ಬ್ಯಾಟರಿ ಹೋಗಿತ್ತು, ಆನ್ ಮಾಡಿದರೆ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕಾಯಿಸಿ ಕುಡಿಯಬಹುದಿತ್ತು. ಹಾಗಿದ್ದರೂ ವಿಂಧ್ಯಾ ಅದರ ಗುಣ ತಿಳಿದುಕೊಂಡು ಸಂಭಾಳಿಸುತ್ತಿದ್ದಳು.

ಹೋದ ವರ್ಷ, ಹಳೆಯ ವಿಂಡೋಸ್‌ಗೆ ಇನ್ನು ಬೆಂಬಲವಿಲ್ಲ, ಹೊಸದು ಹಳೆಯ ಯಂತ್ರಗಳಲ್ಲಿ ಕೂರುವುದಿಲ್ಲ ಎಂಬ ಸುದ್ದಿ ಎಲ್ಲ ಕಡೆ ಓಡಾಡಿತಲ್ಲ, ಆಗ ಸತ್ಯಪ್ರಕಾಶರು ಫೋನಿನಲ್ಲಿ ಯಾವುದೋ ವಿಡಿಯೊ ನೋಡಿದರು. ಮರುದಿನದಿಂದ ಮೆಟ್ಟಿಲ ಬಳಿ ಸಿಕ್ಕವರಿಗೆಲ್ಲ ಲಿನಕ್ಸ್ ಪ್ರವಚನ. ತರಕಾರಿಗೆ ಹೊರಟ ನನ್ನನ್ನೂ ಬಿಡಲಿಲ್ಲ.

“ಮೇಡಂ, ನಾವೆಲ್ಲ ಕಂಪನಿಗಳ ಗುಲಾಮರಾಗಿಬಿಟ್ಟಿದೀವಿ. ವಿಂಡೋಸ್ ತೆಗೆದು ಲಿನಕ್ಸ್ ಹಾಕ್ರಿ, ಬಿಟ್ಟಿ ಸಿಗುತ್ತೆ, ಹಳೇ ಲ್ಯಾಪ್‌ಟಾಪ್ ಕುದುರೆ ಹಂಗೆ ಓಡುತ್ತೆ.”

“ನಮ್ಮನೇಲಿ ಲ್ಯಾಪ್‌ಟಾಪೇ ಇಲ್ಲವಲ್ಲ ಸತ್ಯಪ್ರಕಾಶ್” ಎಂದೆ.

“ಇದ್ದಿದ್ರೆ ಅಂತ ಹೇಳ್ದೆ” ಎಂದು ಕಾಲುಗಂಟೆ ಹೇಳಿದರು.

ದಸರಾ ಕಳೆದ ಒಂದು ಭಾನುವಾರ ವಿಂಧ್ಯಾ ಮಗಳನ್ನು ಕರೆದುಕೊಂಡು ಅಹಮದಾಬಾದಿಗೆ ಹೋದಳು, ಚಿಕ್ಕಮ್ಮನ ಮಗಳ ಸೀಮಂತಕ್ಕೆ. ಮದುವೆ ಸೀಸನ್ನಿಗೆಂದು ಸೂರತ್ತಿನವರು ಹೇಳಿದ್ದ ಹೊಸ ಡಿಸೈನುಗಳನ್ನೆಲ್ಲ ಹಿಂದಿನ ದಿನವಷ್ಟೇ ಮುಗಿಸಿದ್ದಳು. ಬಂದ ಮೇಲೆ ಕಳಿಸಿದರಾಯಿತು ಎಂದುಕೊಂಡಿದ್ದಳು. ಮನೆಯಲ್ಲಿ ಯಾರೂ ಇಲ್ಲದ್ದು ಸತ್ಯಪ್ರಕಾಶರಿಗೆ ಪ್ರಶಸ್ತ ಸಮಯವಾಗಿ ಕಂಡಿತು. ಲಿನಕ್ಸ್ ತುಂಬಿಸಲು ಪೆನ್‌ಡ್ರೈವ್ ಬೇಕಿತ್ತು. ಮೇಜಿನ ಖಾನೆಯಲ್ಲಿ ಒಂದು ಸಿಕ್ಕಿತು. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಕಂಪ್ಯೂಟರ್ ಕೇಳಿತು. ಆಗಬಹುದು ಎಂದರು. ಆಮೇಲೆ ಲ್ಯಾಪ್‌ಟಾಪಿನ ಡಿಸ್ಕಿನ ಬಗ್ಗೆಯೂ ಅದೇ ಪ್ರಶ್ನೆ ಬಂತು. ವಿಂಡೋಸನ್ನು ಹಾಗೇ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವ ದಾರಿಯನ್ನೂ ಅದು ತೋರಿಸಿತ್ತಂತೆ. ಸತ್ಯಪ್ರಕಾಶರು ಅರೆಬರೆ ಸ್ವಾತಂತ್ರ್ಯ ಒಪ್ಪುವವರಲ್ಲ. ಪೂರ್ತಿ ಅಳಿಸಿದರು.

ಸಂಜೆಯೊಳಗೆ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂತು. ನೀಲಿ ಪರದೆಯ ಪಕ್ಕದಲ್ಲಿ ಹೆಬ್ಬೆಟ್ಟು ಎತ್ತಿದ ಸತ್ಯಪ್ರಕಾಶರು, ಕೆಳಗೆ ‘ಇಂದಿನಿಂದ ನಾವು ಸ್ವತಂತ್ರರು’. ಸಂಘದ ಅಧ್ಯಕ್ಷ ಕೆಂಪಣ್ಣನವರು ಏನೆಂದು ತಿಳಿಯದೆ ‘ಶುಭಾಶಯಗಳು’ ಎಂದರು. ಇಬ್ಬರು ಹುಟ್ಟುಹಬ್ಬವೆಂದುಕೊಂಡು ಕೇಕಿನ ಚಿತ್ರ ಹಾಕಿದರು.

ವಿಂಧ್ಯಾ ರೈಲಿಳಿದು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಅವಳು ಹೇಳಿದ್ದಳೆಂದು ಹಾಲಿನ ಪ್ಯಾಕೆಟ್ ಕೊಡಲು ಹೋಗಿದ್ದವಳನ್ನು ಸತ್ಯಪ್ರಕಾಶರು ಕೂರಿಸಿಕೊಂಡು ಲ್ಯಾಪ್‌ಟಾಪ್ ಎಷ್ಟು ಬೇಗ ಆನ್ ಆಗುತ್ತದೆಂದು ಮತ್ತೆ ಮತ್ತೆ ತೋರಿಸುತ್ತಿದ್ದರು. ವಿಂಧ್ಯಾ ಚಪ್ಪಲಿ ಬಿಟ್ಟು ಪರದೆಯ ಮುಂದೆ ನಿಂತಳು.

“ರೀ, ನನ್ನ ಡಿಸೈನ್ ಎಲ್ಲಿ?”

“ಮೊದ್ಲು ಸ್ಪೀಡ್ ನೋಡೇ.”

“ಡಿಸೈನ್ ಎಲ್ಲಿ?”

“ಹೊಸ ಸಿಸ್ಟಮ್ ಹಾಕ್ಬೇಕಂದ್ರೆ ಹಳೇದೆಲ್ಲ ಕ್ಲೀನ್ ಆಗ್ಲೇಬೇಕು. ನೀನು ಬ್ಯಾಕಪ್ ಇಟ್ಕೋಬೇಕಿತ್ತು. ಅದು ಬೇಸಿಕ್ ಶಿಸ್ತು.”

“ಇಟ್ಟಿದೀನಿ. ಪೆನ್‌ಡ್ರೈವ್‌ನಲ್ಲಿ. ಖಾನೆಯೊಳಗೆ.”

ಆ ಪೆನ್‌ಡ್ರೈವ್ ಲ್ಯಾಪ್‌ಟಾಪಿಗೇ ಸಿಕ್ಕಿಸಿದ್ದು ಹಾಗೇ ಇತ್ತು. ವಿಂಧ್ಯಾ ಅದನ್ನು ನೋಡಿದಳು, ಗಂಡನನ್ನು ನೋಡಿದಳು.

“ಪಪ್ಪಾ, ಮಮ್ಮಿದು ಸಬ್ ಕುಛ್ ಡಿಲೀಟ್ ಮಾಡಿದ್ರಾ?” ಎಂದಳು ಸಿಂಚನಾ.

“ಅದರಲ್ಲೇನೋ ನವಿಲು ಇದ್ವು. ಹಳೇದು ಅಂದ್ಕೊಂಡೆ” ಎಂದರು ಅವರು, ನವಿಲುಗಳದೇ ತಪ್ಪೆಂಬಂತೆ.

ವಿಂಧ್ಯಾ ಕೂಗಾಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವುದು ಗೋಡೆಯಾಚೆ ಕೇಳುತ್ತಿತ್ತು. ನಾನು ಹಾಲನ್ನು ಫ್ರಿಜ್ಜಿನಲ್ಲಿಟ್ಟು ಕೆಳಗಿಳಿದೆ.

ಮುಂದಿನ ದಿನಗಳಲ್ಲಿ ಸತ್ಯಪ್ರಕಾಶರು ರಜೆ ಹಾಕಿ, ಅಳಿಸಿದ್ದನ್ನು ವಾಪಸು ತರುವ ಸಾಹಸಕ್ಕೆ ಕೂತರು. ಅದಕ್ಕೆಂದು ಯಾವ್ಯಾವುದೋ ಪ್ರೋಗ್ರಾಂಗಳನ್ನು ಅದೇ ಡಿಸ್ಕಿಗೆ ತುಂಬಿ, ಉಳಿದಿದ್ದ ಅಲ್ಪಸ್ವಲ್ಪವನ್ನೂ ಮುಚ್ಚಿಹಾಕಿದರು. ಕೊನೆಗೆ ಮರಳಿ ಬಂದದ್ದು ಅವರೇ ಯಾವಾಗಲೋ ಇಳಿಸಿಕೊಂಡಿದ್ದ ಸಿರಿಧಾನ್ಯದ ಚಿತ್ರಗಳು. “ಇದೆಲ್ಲ ವಿಂಡೋಸ್ ಮಾಡಿಟ್ಟ ಗೋಜಲು” ಎಂದು ಷರಾ ಬರೆದು ಎದ್ದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ವಿಂಧ್ಯಾ ಕೇಳಿಲ್ಲ, ನಾನಂತೂ ಕೇಳಿಲ್ಲ.

ಅಷ್ಟರಲ್ಲಿ ಅವಳು ಸೂರತ್ತಿನ ರೈಲು ಹತ್ತಿದ್ದಳು. ಕಾರ್ಖಾನೆ ಇದ್ದದ್ದು ಅಲ್ಲಿನ ವರಾಛಾ ಬಡಾವಣೆಯಲ್ಲಿ, ವಜ್ರ ಉಜ್ಜುವ ಅಂಗಡಿಗಳ ಮೇಲಿನ ಮಹಡಿಯಲ್ಲಿ. ಒಡತಿ ರಮೀಲಾಬೆನ್. ನಡೆದದ್ದನ್ನು ಕೇಳಿ ಆಕೆ ಗುಜರಾತಿ ಬೆರೆತ ಹಿಂದಿಯಲ್ಲಿ ಅಂದದ್ದನ್ನು ವಿಂಧ್ಯಾ ನನಗೆ ಹೇಳಿದಳು:

“ವಿಂಧ್ಯಾಬೆನ್, ನನ್ನ ಗಂಡ ಒಂದ್ಸಲ ಮಷೀನಿಗೆ ಎಣ್ಣೆ ಬಿಡ್ತೀನಿ ಅಂತ ಹೋಗಿ ಐವತ್ತು ಸೀರೆಗೆ ಎಣ್ಣೆ ಬಿಟ್ಟಿದ್ದ. ಆಮೇಲೆ ಅವನನ್ನ ಈ ಮಹಡಿಗೇ ಹತ್ತಿಸಿಲ್ಲ. ಕೂತ್ಕೋ, ಚಹಾ ಕುಡಿ, ಕೆಲಸ ಶುರು ಮಾಡು.”

ಯಂತ್ರಗಳ ಗದ್ದಲದ ನಡುವೆ, ಕಾರ್ಖಾನೆಯ ಕಂಪ್ಯೂಟರಿನ ಮುಂದೆ ವಿಂಧ್ಯಾ ಮೊದಲಿನಿಂದ ಶುರು ಮಾಡಿದಳು. ರಾತ್ರಿ ರಮೀಲಾಬೆನ್ ಮನೆಯಲ್ಲೇ ಉಳಿದಳು. ಅವಸರದ ಸೀರೆಗಳಷ್ಟನ್ನು ಮುಗಿಸಿಕೊಟ್ಟು ದೀಪಾವಳಿಗೆ ಮನೆಗೆ ಬಂದಳು. ಮಿಕ್ಕವನ್ನು ಮನೆಯಲ್ಲಿ ಕೂತು ಮಾಡಬೇಕಿತ್ತು. ಆದರೆ ಅವಳ ಹಳೆಯ ಸಾಫ್ಟ್‌ವೇರ್ ವಿಂಡೋಸ್‌ನಲ್ಲಿ ಮಾತ್ರ ನಡೆಯುವುದು, ಅದರ ಸಿ.ಡಿ. ಎಲ್ಲಿದೆಯೆಂದು ಅದನ್ನು ಹಾಕಿಕೊಟ್ಟಿದ್ದ ರಮೀಲಾಬೆನ್‌ಗೂ ಗೊತ್ತಿರಲಿಲ್ಲ.

“ಲಿನಕ್ಸ್‌ನಲ್ಲೂ ಎಂಬ್ರಾಯ್ಡರಿಗೆ ಏನೋ ಇದೆಯಂತೆ” ಎಂದರು ಸತ್ಯಪ್ರಕಾಶರು.

“ಏನು?”

“ಏನೋ ಒಂದು. ನೀನೇ ಹುಡುಕು, ಎಲ್ಲಾ ಬಿಟ್ಟಿ.”

ವಿಂಧ್ಯಾ ಹುಡುಕಿದಳು, ಸಿಕ್ಕಿತು. ಮಧ್ಯಾಹ್ನದ ಹೊತ್ತು ಕೂತು ಕಲಿತಳು. ಮೊದಲ ಡಿಸೈನಿನಲ್ಲಿ ಹೊಲಿಗೆ ದಟ್ಟವಾಗಿ ಯಂತ್ರದಲ್ಲಿ ದಾರ ಕಿತ್ತುಹೋಯಿತು. ರಮೀಲಾಬೆನ್ ಫೋನಿನಲ್ಲೇ ಬೈದರು. ಎರಡನೆಯದು ಸುಮಾರಾಗಿ ಬಂತು. ಸಂಕ್ರಾಂತಿಯ ಗಾಳಿಪಟ ಹಾರುವ ಹೊತ್ತಿಗೆ ಬಳ್ಳಿ, ಬುಟ್ಟಾ ಎಲ್ಲ ಕೈಗೆ ಕೂತಿದ್ದವು. ಹಳೆಯ ಲ್ಯಾಪ್‌ಟಾಪ್ ನಿಜಕ್ಕೂ ಚುರುಕಾಗಿತ್ತು. ಲಿನಕ್ಸ್‌ನಲ್ಲಿ ದೋಷವಿರಲಿಲ್ಲ, ಅದನ್ನು ಹಾಕಿದ ಮನುಷ್ಯ ಮಾತ್ರ ಹಾಗೇ ಇದ್ದರು. ಅವರ ಮಟ್ಟಿಗೆ ಲ್ಯಾಪ್‌ಟಾಪಿನ ಉಪಯೋಗವೆಂದರೆ ಅಪ್‌ಡೇಟ್ ಮಾಡುವುದು, ಪರದೆಯ ಹಿಂದಿನ ಚಿತ್ರ ಬದಲಿಸುವುದು. ಇವೆರಡನ್ನೂ ವಿಂಧ್ಯಾ ಕೆಲಸ ಮಾಡುವ ಹೊತ್ತಿನಲ್ಲೇ ಮಾಡಬೇಕು. ಒಂದು ದಿನ ಅವಳು ಅವರ ಕೈಯಿಂದ ಮೌಸ್ ಕಿತ್ತುಕೊಂಡು, “ಇನ್ನು ಮುಟ್ಬೇಡಿ” ಎಂದಳಂತೆ.

ಯುಗಾದಿಗೆ ಕನ್ನಡ ಸಂಘದ ಊಟ, ಭಾಷಣ ಇತ್ತು. ಸತ್ಯಪ್ರಕಾಶರು ಕೆಂಪಣ್ಣನವರ ಹಿಂದೆ ಬಿದ್ದು ಸಮಯ ಗಿಟ್ಟಿಸಿಕೊಂಡಿದ್ದರು. ವಿಷಯ: ‘ಹಳೆಯ ಲ್ಯಾಪ್‌ಟಾಪ್ ಮತ್ತು ಮಹಿಳಾ ಸಬಲೀಕರಣ’.

“ನನ್ನ ಶ್ರೀಮತಿಗೆ ಇದೆಲ್ಲ ಏನೂ ಗೊತ್ತಿರಲಿಲ್ಲ. ನಾನು ಧೈರ್ಯ ಮಾಡಿ ಸಿಸ್ಟಮ್ ಬದಲಾಯಿಸಿಕೊಟ್ಟೆ. ಇವತ್ತು ಅವಳ ಡಿಸೈನ್ ಸೂರತ್ತಿನಲ್ಲಿ ಹೆಸರು ಮಾಡಿದೆ. ನೋಡಿ, ತೋರಿಸ್ತೀನಿ” ಎಂದು ವೈರು ಸಿಕ್ಕಿಸಿ ಲ್ಯಾಪ್‌ಟಾಪ್ ತೆರೆದರು.

ಅದು ಪಾಸ್‌ವರ್ಡ್ ಕೇಳಿತು. ಅವರು ತಮ್ಮ ಪಾಸ್‌ವರ್ಡ್ ಹೊಡೆದರು. ತಪ್ಪು ಎಂದಿತು. ಮತ್ತೆ ಹೊಡೆದರು.

“ಪಾಸ್‌ವರ್ಡ್ ಏನೇ?” ಎಂದರು, ಮೈಕ್ ಆನ್ ಇದ್ದದ್ದನ್ನು ಮರೆತು.

ವಿಂಧ್ಯಾ ನನ್ನ ಪಕ್ಕದಿಂದ ಎದ್ದು ವೇದಿಕೆಗೆ ಹೋದಳು. “ಅದು ನನ್ನದು. ನಿಮಗ್ಯಾಕೆ?” ಎಂದಳು. ಅದೂ ಮೈಕಿನಲ್ಲಿ ಕೇಳಿಸಿತು. ಅಂಗೈ ಮರೆ ಮಾಡಿಕೊಂಡು ಪಾಸ್‌ವರ್ಡ್ ಹಾಕಿ, ಹೊಸ ನವಿಲಿನ ಸೆರಗಿನ ಡಿಸೈನ್ ತೆರೆದಳು. ಮುಂದಿನ ಸಾಲಿನ ಹೆಂಗಸರು ಎದ್ದು ಹತ್ತಿರ ಬಂದರು. ಕತ್ತಿನ ನೀಲಿಗೆ ಎಷ್ಟು ಬಣ್ಣದ ದಾರ, ಒಂದು ಗರಿಗೆ ಎಷ್ಟು ಹೊತ್ತು ಎಂದೆಲ್ಲ ಕೇಳಿದರು. ಅವಳು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅವತ್ತೇ. ಸತ್ಯಪ್ರಕಾಶರು ಸ್ವಲ್ಪ ಹೊತ್ತು ಪಕ್ಕದಲ್ಲಿ ನಿಂತಿದ್ದು, ಹೋಳಿಗೆ ಬಂತೇ ನೋಡುತ್ತೇನೆಂದು ಇಳಿದು ಹೋದರು.

ವಿಂಧ್ಯಾ ಈಗ ಪ್ರತಿ ವಾರ ವರಾಛಾಕ್ಕೆ ಹೋಗಿಬರುತ್ತಾಳೆ. ಇನ್ನಿಬ್ಬರು ಕಾರ್ಖಾನೆಯವರೂ ಕೆಲಸ ಕೊಟ್ಟಿದ್ದಾರೆ. ಸತ್ಯಪ್ರಕಾಶರು ಲ್ಯಾಪ್‌ಟಾಪಿನ ಮಾತೆತ್ತುವುದನ್ನು ನಿಲ್ಲಿಸಿದ್ದಾರೆ. ಟಿವಿಯೊಳಗೂ ಬೇರೆ ಸಿಸ್ಟಮ್ ಹಾಕಬಹುದೆಂದು ಮೊನ್ನೆ ಮೆಟ್ಟಿಲ ಬಳಿ ನನಗೆ ತಿಳಿಸಿಕೊಟ್ಟರು. ಸಿಂಚನಾ ರಿಮೋಟನ್ನು ಶಾಲೆಯ ಚೀಲದಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದಾಳೆ.